ಮನೆಯಲ್ಲೊಂದು ಮಳೆ ಪುಸ್ತಕ ಇಡುವುದು ಹೀಗೆ

ಮೂಡಿಗೆರೆ ಕಡೆ ಮಳೆಗಾಲದಲ್ಲಿ ಯಾರು ಸಿಕ್ಕಿದರೂ ಮೊದಲ ಪ್ರಶ್ನೆ "ನಿಮ್ಮಲ್ಲಿ ಎಷ್ಟಾಯ್ತು?" ಉತ್ತರವೂ ಚಿಕ್ಕದು. "ಎರಡೂವರೆ." "ನಮ್ಮಲ್ಲಿ ಒಂದು ಎಂಬತ್ತು." ಕಾಫಿ ತೋಟದವರ ಲೆಕ್ಕ ಇನ್ನೂ ಇಂಚು ಮತ್ತು ಸೆಂಟಿನಲ್ಲೇ ಇದೆ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು. ನಮ್ಮಜ್ಜ ಇದನ್ನು ದಿನಾ ಡೈರಿಯಲ್ಲಿ ಬರೆಯುತ್ತಿದ್ದರು. ಅಜ್ಜಿಗೆ ಆ ಡೈರಿ ಬೇಕಿರಲಿಲ್ಲ. ಅವರ ಲೆಕ್ಕವೆಲ್ಲ ಆರಿದ್ರೆ, ಪುಷ್ಯ, ಮಘೆ ಎಂದು ನಕ್ಷತ್ರದ ಮೇಲೆ. ನಾನು ಎರಡನ್ನೂ ಒಂದೇ ಪುಟಕ್ಕೆ ತಂದಿದ್ದೇನೆ. ತೋಟ ಇರಲಿ, ಬರೀ ಅಂಗಳ ಇರಲಿ, ನೀವೂ ಹೀಗೆ ಬರೆಯಬೇಕು ಅನ್ನುವುದು ನನ್ನ ಆಸೆ.

ಮೊದಲು ಅಳೆಯುವ ಸಾಧನ. ಅಂಗಡಿಯಲ್ಲಿ ಮಳೆಮಾಪಕ ಸಿಗುತ್ತದೆ, ಮನೆಯಲ್ಲೂ ಮಾಡಬಹುದು. ಬಾಯಿ 11.3 ಸೆಂಟಿಮೀಟರ್ ಅಗಲ ಇರುವ ಒಂದು ಲಾಳಿಕೆ ಹುಡುಕಿ. ಆ ಅಳತೆಗೆ ಕಾರಣ ಇದೆ. ಆಗ ಬಾಯಿಯ ವಿಸ್ತೀರ್ಣ ಸರಿಸುಮಾರು 100 ಚದರ ಸೆಂಟಿಮೀಟರ್ ಆಗುತ್ತದೆ. ಹಾಗಾಗಿ ಕೆಳಗೆ ಸಿಕ್ಕ ಪ್ರತಿ 10 ಎಂಎಲ್ ನೀರು ಅಂದರೆ 1 ಮಿಲಿಮೀಟರ್ ಮಳೆ. ಔಷಧಿ ಬಾಟಲಿ ಜೊತೆ ಬರುವ ಅಳತೆ ಕಪ್ಪಿನಲ್ಲೇ ಅಳೆಯಬಹುದು. ಜೋರು ಮಳೆಯ ದಿನಕ್ಕೆ ಮಾತ್ರ ದೊಡ್ಡ ಅಳತೆ ಜಗ್ ಇಟ್ಟುಕೊಳ್ಳಿ. ಲಾಳಿಕೆ ಕೆಳಗೆ ಮಲೆನಾಡಿನವರಾದರೆ ಐದು ಲೀಟರ್ ಕ್ಯಾನನ್ನೇ ಇಡಿ. ಒಂದು ದಿನ 200 ಮಿಲಿಮೀಟರ್ ಹೊಯ್ದರೆ ಎರಡು ಲೀಟರ್ ನೀರು ತುಂಬುತ್ತದೆ. ಲೀಟರ್ ಬಾಟಲಿ ಉಕ್ಕಿ ಹೋದರೆ ಆ ದಿನದ ಲೆಕ್ಕವೇ ಹೋಯಿತು. ಇಂಚಿನಲ್ಲಿ ಬೇಕು ಅನ್ನುವವರು ಮಿಲಿಮೀಟರನ್ನು 25.4ರಿಂದ ಭಾಗಿಸಿ.

ಇಡುವ ಜಾಗದಲ್ಲಿ ರಾಜಿ ಬೇಡ. ಮರವೋ ಮನೆಯ ಮಾಡೋ ಎಷ್ಟು ಎತ್ತರ ಇದೆಯೋ ಅದರ ಎರಡರಷ್ಟಾದರೂ ದೂರ ಇರಬೇಕು. ನಮ್ಮಲ್ಲಿ ಸಿಲ್ವರ್ ಮರಗಳು ಜಾಸ್ತಿ. ಹಾಗಾಗಿ ಕಾಫಿ ಒಣಗಿಸುವ ಕಣದ ಪಕ್ಕದ ಬಯಲೇ ಗತಿ. ಲಾಳಿಕೆ ಬಾಯಿ ನೆಲದಿಂದ ಒಂದಡಿ ಮೇಲಿರಲಿ, ಮಟ್ಟವಾಗಿರಲಿ. ಕ್ಯಾನಿನ ಸುತ್ತ ಕಲ್ಲು ಕೊಡಿ. ಆಷಾಢದ ಗಾಳಿ ಖಾಲಿ ಕ್ಯಾನನ್ನು ಸುಮ್ನೆ ಬಿಡುವುದಿಲ್ಲ.

ನೋಡುವ ಹೊತ್ತು ಬೆಳಿಗ್ಗೆ 8.30. ಹವಾಮಾನ ಇಲಾಖೆಯವರ ದಿನವೂ ಆಗಲೇ ಮುಗಿಯುವುದು. ಹಿಂದಿನ 24 ಗಂಟೆಯಲ್ಲಿ ಬಿದ್ದದ್ದನ್ನು ನೋಡಿದ ದಿನದ ತಾರೀಖಿಗೇ ಬರೆಯುತ್ತಾರೆ. ನೀವೂ ಹಾಗೇ ಬರೆದರೆ ಪೇಪರಿನ ಅಂಕಿ ಜೊತೆ ಹೋಲಿಸಬಹುದು. 2.5 ಮಿಲಿಮೀಟರ್ ಮುಟ್ಟಿದರೆ ಅದು ಮಳೆ ದಿನ. 64.5 ದಾಟಿದರೆ ಭಾರಿ ಮಳೆ. 115.6 ಮುಟ್ಟಿದರೆ ಅತಿ ಭಾರಿ. ಪಂಚಾಯಿತಿ ಮಟ್ಟದ ಅಂಕಿ ಈಗ ಸರ್ಕಾರದಿಂದಲೇ ಸಿಗುತ್ತದಲ್ಲಾ, ನಾವ್ಯಾಕೆ ಬರೆಯಬೇಕು ಎಂದು ಕೇಳುವವರಿದ್ದಾರೆ. ಚಾರ್ಮಾಡಿ ಘಾಟಿಯ ತಲೆಯಲ್ಲಿರುವ ಕೊಟ್ಟಿಗೆಹಾರದ ಮಳೆಯೇ ಬೇರೆ, ಮೂಡಿಗೆರೆ ಪೇಟೆಯ ಮಳೆಯೇ ಬೇರೆ. ನಿಮ್ಮ ಅಂಗಳದ ಮಳೆ ನಿಮ್ಮ ಕ್ಯಾನಿನಲ್ಲಿ ಮಾತ್ರ ಇರುತ್ತದೆ.

ಇನ್ನು ಪುಸ್ತಕ. ತಿಂಗಳ ಲೆಕ್ಕದಲ್ಲಿ ಪುಟ ಮಾಡಬೇಡಿ, ಮಳೆ ನಕ್ಷತ್ರದ ಲೆಕ್ಕದಲ್ಲಿ ಮಾಡಿ. ಸೂರ್ಯ ಒಂದೊಂದು ನಕ್ಷತ್ರದಲ್ಲಿ 13-14 ದಿನ ಇರುತ್ತಾನೆ. ಅಶ್ವಿನಿ ಶುರುವಾಗುವುದು ಏಪ್ರಿಲ್ ಮಧ್ಯಕ್ಕೆ. ಮೃಗಶಿರ ಜೂನ್ 8ರ ಸುಮಾರಿಗೆ, ಆರಿದ್ರೆ 22ರ ಹತ್ತಿರ, ಪುನರ್ವಸು ಜುಲೈ ಮೊದಲ ವಾರ, ಪುಷ್ಯ 20ರ ಆಸುಪಾಸು. ಸರಿಯಾದ ದಿನ ಪಂಚಾಂಗದಲ್ಲಿ ಸಿಗುತ್ತದೆ. ಈ ದಿನಗಳು ಸರಿಯುವುದು ಸುಮಾರು 70 ವರ್ಷಕ್ಕೆ ಒಂದೇ ದಿನ. ಹಾಗಾಗಿ ಅಜ್ಜನ ಕಾಲದ ಪುಷ್ಯದ ಪಕ್ಕ ಈ ವರ್ಷದ ಪುಷ್ಯವನ್ನು ಧೈರ್ಯವಾಗಿ ಇಟ್ಟು ನೋಡಬಹುದು.

ತೋಟದ ಕೆಲಸಕ್ಕೆ ತಿಂಗಳಿಗಿಂತ ಈ ಅಳತೆಯೇ ಹೊಂದುತ್ತದೆ. ಅಡಿಕೆಗೆ ಕೊಳೆ ಹತ್ತದಂತೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವುದು ಮಳೆ ಹಿಡಿಯುವ ಮೊದಲು ಒಂದು ಸಲ, ಮತ್ತೆ 40-45 ದಿನಕ್ಕೆ ಇನ್ನೊಂದು ಸಲ. ಆ ಎರಡನೇ ಸಲಕ್ಕೆ ಪುಷ್ಯದಲ್ಲೋ ಆಶ್ಲೇಷದಲ್ಲೋ ಹೊಳವು, ಅಂದರೆ ಮಳೆ ಬಿಟ್ಟ ಹೊತ್ತು, ಸಿಗಬೇಕು. ಅದಕ್ಕೇ ನನ್ನ ಪುಟದಲ್ಲಿ ಮೂರು ಗೀಟು: ತಾರೀಖು, ಮಳೆ, ಹೊಳವು. ಹೊಳವು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತು ಇತ್ತು ಎಂದು ಬರೆಯಿರಿ. ಜೊತೆಗೆ ಮಳೆ ಎಂಥದ್ದು ಎಂದು ಒಂದು ಪದ: ಸೋನೆ, ಜಡಿ, ಗಾಳಿಮಳೆ, ಗುಡುಗುಮಳೆ, ಆಲಿಕಲ್ಲು. ಒಂದು ಇಂಚು ಗುಡುಗುಮಳೆ ಗಂಟೆಯಲ್ಲಿ ಹೊಯ್ದು ಹಳ್ಳಕ್ಕೆ ಓಡುತ್ತದೆ. ಅದೇ ಒಂದು ಇಂಚು ಸೋನೆ ಇಡೀ ದಿನ ನೆಲಕ್ಕೆ ಇಳಿಯುತ್ತದೆ. ಅಂಕಿ ಒಂದೇ, ತೋಟಕ್ಕೆ ಎರಡೂ ಒಂದೇ ಅಲ್ಲ.

ಪುಟದ ತಲೆಯಲ್ಲಿ ಆ ಮಳೆಯ ಗಾದೆ ಬರೆಯಿರಿ. "ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ." "ಮಘೆ ಮಳೆ ಬಂದಷ್ಟೂ ಒಳ್ಳೇದು, ಮನೆಮಗ ಉಂಡಷ್ಟೂ ಒಳ್ಳೇದು." ನಿಮ್ಮ ಊರಿಗೆ ಅದು ಹೊಂದುತ್ತದಾ ಎಂದು ಅಂಕಿ ಇಟ್ಟು ನೋಡಿ. ಮಘೆಯ ಮಾತು ಆಗಸ್ಟಿನಲ್ಲಿ ಮೋಡ ನೋಡುತ್ತಾ ಕೂರುವ ಬಯಲುಸೀಮೆ ಹೊಲಕ್ಕೆ ನಿಜ. ನಮಗೆ ಅಷ್ಟರಲ್ಲಿ ಮಳೆ ಸಾಕಾಗಿರುತ್ತದೆ. ಮತ್ತೂ ಬಿಡದೆ ಹಿಡಿದರೆ ಕಾಫಿ ಕಾಯಿ ಉದುರುತ್ತದೆ, ಕೊಳೆ ಹತ್ತುತ್ತದೆ. ಅಜ್ಜಿಯೂ ಮಘೆಯಲ್ಲಿ ಬಿಸಿಲಿಗೇ ಕೈಮುಗಿಯುತ್ತಿದ್ದರು.

ಫೆಬ್ರವರಿ, ಮಾರ್ಚ್‌ಗೆ ಬೇರೆ ಪುಟ ಬೇಕು. ಆಗ ನಕ್ಷತ್ರದ ಹೆಸರು ಹಿಡಿದು ಯಾರೂ ಮಳೆ ಕರೆಯುವುದಿಲ್ಲ. ಕಾಫಿಯವರಿಗೆ ಅದು ಹೂಮಳೆ. ಒಂದು ಇಂಚು ಬಿದ್ದರೆ ರೊಬಸ್ಟಾ ವಾರ, ಹತ್ತು ದಿನದೊಳಗೆ ಬೆಳ್ಳಗೆ ಅರಳುತ್ತದೆ. ಬರೀ 20 ಸೆಂಟು ಬಿದ್ದು ನಿಂತರೆ ಸ್ಪ್ರಿಂಕ್ಲರ್ ಹಾಕುವ ಯೋಚನೆ ಮಾಡಬೇಕು. ಹೂವಾದ ಮೇಲೆ ಬ್ಯಾಕಿಂಗ್ ಮಳೆಯೂ ಬೇಕು, ಇಲ್ಲದಿದ್ದರೆ ಕಾಯಿ ಸರಿಯಾಗಿ ಕಚ್ಚುವುದಿಲ್ಲ. ಈ ಪುಟದಲ್ಲಿ ಮಳೆ ಬಿದ್ದ ದಿನ, ಹೂ ಅರಳಿದ ದಿನ ಎರಡನ್ನೂ ಬರೆಯಿರಿ. ಸ್ಪ್ರಿಂಕ್ಲರ್ ನೀರನ್ನು ಮಳೆಗೆ ಸೇರಿಸಬೇಡಿ.

ಮದುವೆಗೋ ಆಸ್ಪತ್ರೆಗೋ ಹೋಗಿ ಒಂದು ದಿನ ತಪ್ಪಿತೆಂದರೆ ಅಂದಾಜಿನ ಅಂಕಿ ತುಂಬಬೇಡಿ. ಮಾರನೇ ದಿನ ಕ್ಯಾನಿನಲ್ಲಿ ಇದ್ದಷ್ಟನ್ನು ಅಳೆದು "ಎರಡು ದಿನದ್ದು" ಎಂದು ಪಕ್ಕದಲ್ಲಿ ಬರೆಯಿರಿ. ಮಳೆ ಇಲ್ಲದ ದಿನ ಜಾಗ ಖಾಲಿ ಬಿಡದೆ ಸೊನ್ನೆ ಹಾಕಿ. ಖಾಲಿ ಜಾಗ ಕಂಡರೆ, ಅವತ್ತು ಮಳೆ ಬರಲಿಲ್ಲವೋ ನೀವು ನೋಡಲಿಲ್ಲವೋ ಎಂದು ಮೊಮ್ಮಕ್ಕಳಿಗೆ ಗೊತ್ತಾಗುವುದಿಲ್ಲ. ಬರೆಯಲು ಪೆನ್ಸಿಲ್ಲೇ ಒಳ್ಳೆಯದು. ನಮ್ಮ ಜುಲೈನ ತೇವಕ್ಕೆ ಇಂಕು ಹರಡುತ್ತದೆ.