ಅಧ್ಯಕ್ಷರು ಮತ್ತೆ ಗೆಲ್ಲುತ್ತಾರಾ? ನೀವೇ ಅಳೆಯುವುದು ಹೀಗೆ

ಅಮೆರಿಕದ ಚುನಾವಣೆ ಬಂತೆಂದರೆ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ಪಂಡಿತರಿಗೆ ಬರವಿಲ್ಲ. ಅಧ್ಯಕ್ಷರು ಒಂದು ಭಾಷಣ ಚೆನ್ನಾಗಿ ಮಾಡಿದರೆ ಸಾಕು, ‘ಮನುಷ್ಯ ಬದಲಾದ, ಇನ್ನು ಗೆದ್ದ’ ಎಂದು ತೀರ್ಪು ಕೊಟ್ಟುಬಿಡುತ್ತಾರೆ. ಎಡವುವುದೇ ಅಲ್ಲಿ. ಕೈ ಪಳಗಲು ಫಲಿತಾಂಶ ಗೊತ್ತಿರುವ ಹಳೆಯ ಚುನಾವಣೆಯೇ ವಾಸಿ. ಬಿಲ್ ಕ್ಲಿಂಟನ್ ಅವರ 1996ನ್ನು ತೆಗೆದುಕೊಳ್ಳಿ.

ಹಂತ 1: ಮಧ್ಯಾವಧಿ ಫಲಿತಾಂಶ (ಅಧ್ಯಕ್ಷರ ಅವಧಿಯ ನಡುವೆ ಸಂಸತ್ತಿಗೆ ನಡೆಯುವ ಚುನಾವಣೆಯದು) ನೋಡಿ, ಜೋತುಬೀಳಬೇಡಿ. 1994ರಲ್ಲಿ ಕ್ಲಿಂಟನ್ ಪಕ್ಷ ಎರಡೂ ಸದನ ಕಳೆದುಕೊಂಡಿತು. 2010ರಲ್ಲಿ ಒಬಾಮಾ ಪಕ್ಷ ಕೆಳಮನೆಯಲ್ಲಿ 63 ಸ್ಥಾನ ಕಳೆದುಕೊಂಡಿತು. ಇಬ್ಬರೂ ಎರಡು ವರ್ಷಕ್ಕೆ ಗೆದ್ದರು.

ಹಂತ 2: ಜನಪ್ರಿಯತೆಯ ಸಮೀಕ್ಷೆ. ಯುದ್ಧ ಮುಗಿದ ವಾರದ್ದಾದರೆ ನೇರ ಕಸದ ಬುಟ್ಟಿಗೆ. ಕೊಲ್ಲಿ ಯುದ್ಧದ ನಂತರ ಹಿರಿಯ ಬುಷ್‌ಗೆ ಗ್ಯಾಲಪ್ ಸಮೀಕ್ಷೆಯಲ್ಲಿ ಶೇ 89 ಮೆಚ್ಚುಗೆ ಇತ್ತು, 1992ರಲ್ಲಿ ಸೋತರು.

ಹಂತ 3: ಆಡಳಿತದ ಶೈಲಿ ನಿಜಕ್ಕೂ ಬದಲಾಗಿದೆಯೇ? ಕಷ್ಟದ ಕೆಲಸ ಇದೇ, ಅವಸರ ಬೇಡ. ಒಂದು ಹಾಳೆಯಲ್ಲಿ ಮೂರು ಕಾಲಂ ಎಳೆಯಿರಿ: ಹೇಳಿದ್ದು, ಸಹಿ ಹಾಕಿದ್ದು, ತಡೆದದ್ದು. ತುಂಬಿಸಿದ ಮೇಲೆ ಮೊದಲ ಕಾಲಂ ಹೊಡೆದುಹಾಕಿ.

ದೊಡ್ಡ ಸರ್ಕಾರದ ಕಾಲ ಮುಗಿಯಿತು ಎಂದು ಕ್ಲಿಂಟನ್ 1996ರ ಜನವರಿಯಲ್ಲಿ ಹೇಳಿದ್ದು ಮೊದಲ ಕಾಲಂನ ಸರಕು. ನಾನು ಲೆಕ್ಕಕ್ಕೆ ಹಿಡಿಯುವುದು ಆಗಸ್ಟ್ 22ರ ಸಹಿಯನ್ನು. ಬಡವರ ನೆರವಿಗೆ ಮಿತಿ ಹಾಕುವ, ಎದುರಾಳಿ ರಿಪಬ್ಲಿಕನ್ ಪಕ್ಷದ ಮಸೂದೆಗಳನ್ನು ಎರಡು ಬಾರಿ ತಡೆದಿದ್ದವರು ಮೂರನೆಯದಕ್ಕೆ ಒಪ್ಪಿದರು. ಪ್ರತಿಭಟಿಸಿ ಅವರದೇ ಸರ್ಕಾರದ ಹಿರಿಯ ಅಧಿಕಾರಿ ಪೀಟರ್ ಎಡೆಲ್‌ಮನ್ ರಾಜೀನಾಮೆ ಕೊಟ್ಟರು. ಸ್ವಂತ ಮನೆಯವರು ಮುನಿಸಿಕೊಂಡರೆ ಬದಲಾವಣೆ ಅಸಲಿ ಎಂದು ಬರೆದುಕೊಳ್ಳಿ.

ಆದರೆ ಬಗ್ಗಿದ್ದನ್ನು ಮಾತ್ರ ಎಣಿಸಿದರೆ ಲೆಕ್ಕ ತಪ್ಪುತ್ತದೆ. ಅದೇ ಕ್ಲಿಂಟನ್ ಹಿಂದಿನ ಚಳಿಗಾಲದಲ್ಲಿ ವೃದ್ಧರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ಕಡಿತಕ್ಕೆ ಒಪ್ಪದೆ, ಬಜೆಟ್ ಜಗಳದಲ್ಲಿ ಸರ್ಕಾರಿ ಕಚೇರಿಗಳು 21 ದಿನ ಮುಚ್ಚಿದರೂ ಜಗ್ಗಲಿಲ್ಲ. ಜನ ಹೆಚ್ಚಾಗಿ ಬೈದದ್ದು ಕೆಳಮನೆಯ ರಿಪಬ್ಲಿಕನ್ ಸ್ಪೀಕರ್ ನ್ಯೂಟ್ ಗಿಂಗ್ರಿಚ್ ಅವರ ಕಡೆಯವರನ್ನು. ಎಲ್ಲಿ ಬಿಟ್ಟುಕೊಟ್ಟರು, ಎಲ್ಲಿ ಕಚ್ಚಿ ಹಿಡಿದರು, ಎರಡೂ ಹಾಳೆಯಲ್ಲಿರಬೇಕು.

ನಕಲಿ ಬದಲಾವಣೆ ಹೇಗಿರುತ್ತದೆ? ಜಿಮ್ಮಿ ಕಾರ್ಟರ್ 1979ರ ಜುಲೈನಲ್ಲಿ ದೇಶದ ಆತ್ಮವಿಶ್ವಾಸದ ಬಗ್ಗೆ ಮಾತಾಡಿದಾಗ ಜನ ಮೆಚ್ಚಿದರು. ಎರಡೇ ದಿನಕ್ಕೆ ಇಡೀ ಸಂಪುಟದ ರಾಜೀನಾಮೆ ಕೇಳಿದರು, ಐವರು ಸಚಿವರು ಹೊರಬಿದ್ದರು. ಬದಲಾದದ್ದು ಮುಖಗಳು ಮಾತ್ರ. ಮುಂದೆ ಬೆಲೆಯೇರಿಕೆ, ಇರಾನಿನ ಟೆಹರಾನ್‌ನಲ್ಲಿ ಒತ್ತೆಯಾಳುಗಳಾದ ಅಮೆರಿಕದ ರಾಯಭಾರ ಕಚೇರಿಯವರು. 1980ರಲ್ಲಿ ದಕ್ಕಿದ್ದು ಬರೀ 49 ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯಗಳಿಗೆ ಹಂಚಿರುವ ಮತ). ಕ್ಲಿಂಟನ್‌ಗೆ 379 ಬರಲು ನಿರುದ್ಯೋಗ ಇಳಿದಿದ್ದೂ ನೆರವಾಯಿತು; ಕಿಸೆ ಖಾಲಿಯಿದ್ದರೆ ಶೈಲಿ ಯಾರಿಗೆ ಬೇಕು?

‘ಗೆಲುವಿನ ಸಾಧ್ಯತೆ ಶೇ ಇಂತಿಷ್ಟು’ ಎಂದು ದಿನಕ್ಕೊಂದು ಅಂಕಿ ತೋರಿಸುವ ಸೈಟುಗಳಿವೆ. ಈ ಹಾಳೆ ತುಂಬುವವರೆಗೆ ಅವುಗಳ ಕಡೆ ತಲೆ ಹಾಕಬೇಡಿ. ಬೆಟ್ಟಿಂಗ್ ಆ್ಯಪ್‌ನ ದರ ನೋಡಿ ವಿಶ್ಲೇಷಣೆ ಬರೆಯುವವರಂತೂ ದೇವರಿಗೇ ಪ್ರೀತಿ.

ಹಂತ 4: ಗೆಲ್ಲಲು ಬೇಕಾದ 270 ಎಲೆಕ್ಟೋರಲ್ ಮತಗಳ ನಕ್ಷೆ. ಕ್ಯಾಲಿಫೋರ್ನಿಯಾದಂತಹ, ಯಾವ ಪಕ್ಷಕ್ಕೆಂದು ಮೊದಲೇ ನಿಶ್ಚಿತವಾದ ರಾಜ್ಯಗಳಿಗೆ ಹೊತ್ತು ಹಾಳು ಮಾಡಬೇಡಿ. 2020ರಲ್ಲಿ ಅಧಿಕಾರದಲ್ಲಿದ್ದ ಟ್ರಂಪ್ ಅರಿಜೋನಾ, ಜಾರ್ಜಿಯಾ, ವಿಸ್ಕಾನ್ಸಿನ್ ಮೂರನ್ನೂ ಸೇರಿ ಸುಮಾರು 43 ಸಾವಿರ ಮತಗಳಿಂದ ಕಳೆದುಕೊಂಡರು. ಅಂತರ ಇಷ್ಟು ಕಿರಿದಾದ ಕಡೆ ಪೆನ್ಸಿಲಿನಲ್ಲೇ ಬರೆಯಿರಿ.