ಬೇಸಿಗೆ ರಜೆಯಲ್ಲಿ ಲ್ಯಾಬ್ ಕೆಲಸ: ವಿಜ್ಞಾನ ಶಿಕ್ಷಕರು ವಿಜ್ಞಾನಿಯ ಜೊತೆ ಸೇರುವುದು ಹೇಗೆ?

ನೀವು ಹೈಸ್ಕೂಲಿನ ಪಿಸಿಎಂ (ಭೌತ, ರಸಾಯನ, ಗಣಿತ) ಅಥವಾ ಸಿಬಿಝಡ್ (ರಸಾಯನ, ಸಸ್ಯ, ಪ್ರಾಣಿ ವಿಜ್ಞಾನ) ಶಿಕ್ಷಕರೇ? ಏಪ್ರಿಲ್–ಮೇ ರಜೆಯ ಮೂರು ವಾರವನ್ನು ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ ಕಳೆಯುವ ಆಸೆ ಇದ್ದರೆ ಡಿಸೆಂಬರಿನಲ್ಲೇ ತಯಾರಿ ಶುರು ಮಾಡಿ. ಇದು ಉಪನ್ಯಾಸ ಕೇಳಿ ಬರುವ ತರಬೇತಿ ಅಲ್ಲ. ನಿಮ್ಮದೇ ಪ್ರಶ್ನೆ ಹಿಡಿದು ಹೋಗಿ, ವಿಜ್ಞಾನಿಯ ಜೊತೆ ಉತ್ತರ ಹುಡುಕುವ ಕೆಲಸ.

ಅಮೆರಿಕದ ಕೊಲಂಬಿಯಾ ವಿಶ್ವವಿದ್ಯಾಲಯ ನ್ಯೂಯಾರ್ಕಿನ ಶಾಲಾ ಶಿಕ್ಷಕರಿಗೆ 1990ರಲ್ಲೇ ಇಂಥ ಅವಕಾಶ ಶುರು ಮಾಡಿತು. ಒಬ್ಬೊಬ್ಬರಿಗೂ ಸತತ ಎರಡು ಬೇಸಿಗೆ. ಅವರ ವಿದ್ಯಾರ್ಥಿಗಳು ವಿಜ್ಞಾನ ಪರೀಕ್ಷೆಯಲ್ಲಿ ಪಾಸಾಗುವ ಪ್ರಮಾಣ ಬೇರೆ ಶಿಕ್ಷಕರ ವಿದ್ಯಾರ್ಥಿಗಳಿಗಿಂತ ಸುಮಾರು ಶೇ 10ರಷ್ಟು ಜಾಸ್ತಿ ಇತ್ತೆಂದು 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ವರದಿಯಾಯಿತು. ಅದು ಕಂಡದ್ದು ಶಿಕ್ಷಕರು ಸೇರಿದ ಮೂರನೇ, ನಾಲ್ಕನೇ ವರ್ಷದಲ್ಲಿ. ಹಾಗಾಗಿ ಅವಸರ ಬೇಡ.

ನಮ್ಮಲ್ಲಿ ಚಳ್ಳಕೆರೆ ಬಳಿಯ ಕುದಾಪುರದ ಐಐಎಸ್‌ಸಿ ಕೇಂದ್ರ ಶಿಕ್ಷಕರಿಗೆ ಲ್ಯಾಬ್ ತರಬೇತಿ ಕೊಡುತ್ತದೆ. ಕೈ ಪಳಗಲು ಅದು ಒಳ್ಳೆಯದು. ಅದರಾಚೆಯ ಸಂಶೋಧನೆಗೆ ನೀವೇ ಬಾಗಿಲು ತಟ್ಟಬೇಕು.

ಮೊದಲು ಪ್ರಶ್ನೆ

ಪ್ರಶ್ನೆ ನಿಮ್ಮೂರಿನದೇ ಆಗಿರಲಿ, ಚಿಕ್ಕದಿರಲಿ. ಪಾವಗಡದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ‘ನಮ್ಮ ಶಾಲೆಯ ಸುತ್ತಲಿನ ಐದು ಬೋರ್‌ವೆಲ್‌ಗಳಲ್ಲಿ ಮಳೆಗೆ ಮುಂಚೆ ಎಷ್ಟು, ಮಳೆಯ ನಂತರ ಎಷ್ಟು?’ ಎಂದು ಕೇಳಿ ನೋಡಿ. ಇದಕ್ಕೆ ಉತ್ತರ ಸಿಗುತ್ತದೆ, ಒಂದು ವರ್ಷದಲ್ಲೇ ಸಿಗುತ್ತದೆ. ವಿಜ್ಞಾನಿ ನಿಮ್ಮೂರಿಗೆ ಒಂದೆರಡು ಸಲ ಬಂದು ಹೋಗಬಹುದು ಅಷ್ಟೆ. ನಿಮ್ಮ ಮಕ್ಕಳು ವರ್ಷವಿಡೀ ಅಲ್ಲೇ ಇರುತ್ತಾರೆ, ಅದೇ ನೀರು ಕುಡಿಯುತ್ತಾರೆ. ವಿಜ್ಞಾನಿಗಿಲ್ಲದ ಈ ಅನುಕೂಲ ನಿಮಗಿದೆ. ಅದಕ್ಕೇ ಸಂಕೋಚವಿಲ್ಲದೆ ಕೇಳಿ.

ಆಮೇಲೆ ಪತ್ರ

ತುಮಕೂರು, ದಾವಣಗೆರೆ ಹೀಗೆ ಹತ್ತಿರದ ವಿಶ್ವವಿದ್ಯಾಲಯವನ್ನೇ ನೋಡಿ. ಮಳೆ ಮುಗಿದ ಮೇಲೆ ನವೆಂಬರಿನಲ್ಲಿ ಮತ್ತೆ ನೀರಿನ ಸ್ಯಾಂಪಲ್ ಒಯ್ಯಬೇಕಲ್ವಾ? ವಿಭಾಗದ ವೆಬ್‌ಸೈಟಿನಲ್ಲಿ ಅಂತರ್ಜಲದ ಮೇಲೆ ಕೆಲಸ ಮಾಡುವವರು ಯಾರೆಂದು ಹುಡುಕಿ. ಪತ್ರ ಅರ್ಧ ಪುಟ ಸಾಕು: ‘ನಾನು ಇಂಥ ಶಾಲೆಯ ವಿಜ್ಞಾನ ಶಿಕ್ಷಕ. ನಮ್ಮ ಪ್ರಶ್ನೆ ಇದು. ಮೇ ತಿಂಗಳಲ್ಲಿ ಮೂರು ವಾರ ನಿಮ್ಮ ಲ್ಯಾಬಿನಲ್ಲಿ ಕೆಲಸ ಕಲಿಯುತ್ತೇನೆ. ವರ್ಷವಿಡೀ ಸ್ಯಾಂಪಲ್ ಸಂಗ್ರಹ ನಮ್ಮ ಶಾಲೆಯ ಹೊಣೆ.’ ಹದಿನೈದು ದಿನ ಉತ್ತರ ಬರದಿದ್ದರೆ ಫೋನ್ ಮಾಡಿ, ಇಲ್ಲವೇ ಒಂದು ಶನಿವಾರ ಹೋಗಿ ಭೇಟಿಯಾಗಿ.

ಜನವರಿಯಲ್ಲೇ ಮುಖ್ಯ ಶಿಕ್ಷಕರ ಮೂಲಕ ಬಿಇಒ ಕಚೇರಿಗೆ ಅನುಮತಿ ಪತ್ರ ಕೊಡಿ. ಎಸ್ಸೆಸ್ಸೆಲ್ಸಿ ಮೌಲ್ಯಮಾಪನ ಮುಗಿಯುವ ಮೊದಲಿನ ದಿನಾಂಕ ಹಾಕಬೇಡಿ.

ಹೋಗುವ ಮುಂಚೆ ಮಾತಾಡಿಕೊಳ್ಳಬೇಕಾದ್ದು: ಕೆಮಿಕಲ್ ಖರ್ಚು ಯಾರದು, ಉಳಿಯುವುದೆಲ್ಲಿ, ಫಲಿತಾಂಶ ಪ್ರಕಟವಾದರೆ ಶಾಲೆಯ ಹೆಸರು ಇರುತ್ತದೆಯೇ. ದಿನವೂ ನಿಮಗೆ ಕಲಿಸುವವರು ಬಹುಶಃ ಪ್ರೊಫೆಸರ್ ಅಲ್ಲ, ಅವರ ಪಿಎಚ್‌ಡಿ ವಿದ್ಯಾರ್ಥಿ. ವಯಸ್ಸಿನಲ್ಲಿ ನಿಮಗಿಂತ ಚಿಕ್ಕವರಿರಬಹುದು. ಅವರನ್ನು ಗುರುವೆಂದೇ ತಿಳಿಯಿರಿ.

ಲ್ಯಾಬಿನೊಳಗೆ

ಸ್ಯಾಂಪಲ್ಲುಗಳನ್ನು ಪ್ಲಾಸ್ಟಿಕ್ ಬಾಟಲಿಯಲ್ಲೇ ಒಯ್ಯಿರಿ. ಫ್ಲೋರೈಡ್ ಗಾಜಿನ ಜೊತೆ ವರ್ತಿಸುವುದರಿಂದ ಗಾಜಿನ ಬಾಟಲಿ ಬೇಡ. ಒಂದೊಂದರ ಮೇಲೂ ಜಾಗ, ದಿನಾಂಕ, ಸಮಯ ಬರೆದಿರಲಿ. ಅಲ್ಲಿ ಫ್ಲೋರೈಡ್ ಎಲೆಕ್ಟ್ರೋಡ್ (ನೀರಿನಲ್ಲಿ ಅದ್ದಿ ಫ್ಲೋರೈಡ್ ಅಳೆಯುವ ಉಪಕರಣ) ಇದ್ದರೆ ಸುಮ್ನೆ ಅದ್ದಿ ಓದುವುದಲ್ಲ. ಮೊದಲು ಪ್ರಮಾಣ ಗೊತ್ತಿರುವ ದ್ರಾವಣಗಳನ್ನು ನೀವೇ ತಯಾರಿಸಿ, ಬಫರ್ (ಆಮ್ಲೀಯತೆ ಏರುಪೇರಾಗದಂತೆ ಹಿಡಿದಿಡುವ ದ್ರಾವಣ) ಸೇರಿಸಿ ಅಳೆದು ಗ್ರಾಫ್ ಹಾಕಬೇಕು. ನಿಮ್ಮೂರಿನ ನೀರಿಗೂ ಅದೇ ಪ್ರಮಾಣದ ಬಫರ್ ಸೇರಿಸಿ ಅಳೆಯಿರಿ. ಆ ಗ್ರಾಫಿನ ಮೇಲೆ ಅದು ಎಲ್ಲಿ ಕೂರುತ್ತದೆ ಎಂದು ಆಮೇಲೆ ನೋಡಬೇಕು. ಪ್ರತಿ ಸ್ಯಾಂಪಲ್ ಮೂರು ಸಲ. ಮೂರೂ ಒಂದೇ ಬರುವುದಿಲ್ಲ. ಯಾಕೆ ಬರಲಿಲ್ಲ ಅನ್ನುವ ಮಾತುಕತೆ ಇದೆಯಲ್ಲ, ಪಠ್ಯಪುಸ್ತಕ ಕೊಡಲಾಗದ್ದು ಅದನ್ನೇ. ಆ ಹೊತ್ತಿನಲ್ಲಿ ಪ್ರಶ್ನೆ ಕೇಳುವುದನ್ನು ಬಿಡಬೇಡಿ.

ನೋಟ್‌ಬುಕ್ಕಿನಲ್ಲಿ ಪೆನ್ನಿನಲ್ಲೇ ಬರೆಯಿರಿ. ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದು. ಜೂನಿನಲ್ಲಿ ಒಂಬತ್ತನೇ ತರಗತಿಯ ಮಕ್ಕಳಿಗೆ ಈ ಪುಸ್ತಕವನ್ನೇ ತೋರಿಸಿ, ಗೆರೆ ಎಳೆದ ಪುಟಗಳ ಸಮೇತ.

ಶಾಲೆಗೆ ಬಂದ ಮೇಲೆ

ಸ್ಯಾಂಪಲ್ ತೆಗೆಯುವ ಹೊಣೆ ಈಗ ಮಕ್ಕಳದು. ಇದೇ ಕೆಲಸ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶಕ್ಕೆ ಒಳ್ಳೆಯ ಪ್ರಾಜೆಕ್ಟ್ ಕೂಡ ಆಗಬಹುದು. ವಿಜ್ಞಾನಿಯನ್ನು ಅರ್ಧ ದಿನ ಶಾಲೆಗೆ ಕರೆಸಿ. ಭಾಷಣ ಬೇಡ, ಮಕ್ಕಳ ಜೊತೆ ಬೋರ್‌ವೆಲ್ ಹತ್ತಿರ ನಡೆದು ಹೋಗಲಿ.

ಫಲಿತಾಂಶ ಬಂದಾಗ ಹುಷಾರಾಗಿರಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಜಾಸ್ತಿ ಬಂದರೆ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಬೇಡಿ. ಹೊಸ ಸ್ಯಾಂಪಲ್ ತೆಗೆದು ವಿಜ್ಞಾನಿಯ ಜೊತೆ ಇನ್ನೊಮ್ಮೆ ಅಳೆಯಿರಿ. ಆಗಲೂ ಅಷ್ಟೇ ಬಂದರೆ ಇಬ್ಬರೂ ಸಹಿ ಹಾಕಿ ಗ್ರಾಮ ಪಂಚಾಯಿತಿಯ ಪಿಡಿಒ ಅವರಿಗೆ ಬರಹದಲ್ಲಿ ಕೊಡಿ, ಸ್ವೀಕೃತಿ ಪಡೆಯಿರಿ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಹೆಚ್ಚುತ್ತದೆ. ಇದನ್ನು ಮಕ್ಕಳ ಮೂಲಕ ಅವತ್ತೇ ಮನೆಮನೆಗೆ ತಿಳಿಸಿ.