ಇಲಿ ಕಡಿದ ಫ್ಯಾನ್ ವಯರ್: ಹಸಿರೆಳೆ ಕೂಡಿಸಿದ್ದು ಹೀಗೆ

ಕಾಸರಗೋಡಿನ ಬದಿಯಡ್ಕ ಕಡೆ ಮಳೆಗಾಲದಲ್ಲಿ ಅಟ್ಟದ ಇಲಿಗಳು ಕಂಪ್ಯೂಟರಿನ ಸಿಪಿಯು ಡಬ್ಬಿಗೂ ಇಳಿಯುತ್ತವೆ. ಒಳಗಿನ ಫ್ಯಾನ್ ತಿರುಗುತ್ತಿದ್ದರೂ ಆನ್ ಮಾಡಿದೊಡನೆ ಪರದೆಯಲ್ಲಿ 'ಸಿಪಿಯು ಫ್ಯಾನ್ ಎರರ್'. ನಾಲ್ಕು ಪಿನ್ನಿನ ಆ ವಯರಿನಲ್ಲಿ ಕಪ್ಪು ಗ್ರೌಂಡ್, ಹಳದಿ 12 ವೋಲ್ಟ್, ನೀಲಿ ವೇಗದ ನಿಯಂತ್ರಣ. ತುಂಡಾದದ್ದು ಫ್ಯಾನಿನ ವೇಗವನ್ನು ಮದರ್‌ಬೋರ್ಡಿಗೆ ತಿಳಿಸುವ ಹಸಿರು. (ಬಣ್ಣ ಎಲ್ಲ ಕಂಪನಿಯದ್ದೂ ಒಂದೇ ಅಲ್ಲ, ಪಿನ್ನಿನ ಕ್ರಮವನ್ನೇ ನಂಬಿ.)

ಪ್ಲಗ್ ಕಿತ್ತು, ಪವರ್ ಬಟನ್ 10 ಸೆಕೆಂಡ್ ಒತ್ತಿಹಿಡಿದು, ಫ್ಯಾನ್ ಕನೆಕ್ಟರನ್ನು ಬೋರ್ಡಿನಿಂದ ಬಿಡಿಸಿದೆ. ಕಡಿದ ತುದಿಯ ತಾಮ್ರ ಕಿಲುಬು ಹಿಡಿದಿತ್ತು. ಅದಕ್ಕೆ ಸೋಲ್ಡರ್ ಕೂರುವುದಿಲ್ಲ, ಹೊಳೆಯುವ ಎಳೆ ಸಿಗುವವರೆಗೆ ಕತ್ತರಿಸಬೇಕು. 8 ಮಿ.ಮೀ. ಸುಲಿದು, ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ತಾಗಿದರೆ ಕುಗ್ಗಿ ಬಿಗಿಯುವ ಕೊಳವೆ) ಮೊದಲೇ ತೂರಿಸಿ (ಮರೆತರೆ ಬೆಸುಗೆ ಬಿಚ್ಚಿ ಮತ್ತೆ ಶುರು!), ಹೊಸೆದು ಬೆಸೆದೆ. ಬರೀ ಟೇಪ್ ಬೇಡ, ಬಿಸಿಗೆ ಅಂಟು ಜಾರುತ್ತದೆ. ಬೆಸೆದ ಎಳೆಯ ಎರಡೂ ಕಡೆ ಇಟ್ಟಾಗ ಮಲ್ಟಿಮೀಟರ್ ಬೀಪ್ ಅಂದಿತು. ಪಕ್ಕದ ಎಳೆಗೆ ಇಟ್ಟಾಗ ಸುಮ್ಮನಿತ್ತು. ಬಯೋಸಿನಲ್ಲಿ (ಕಂಪ್ಯೂಟರ್ ಆನ್ ಆಗುವಾಗ ತೆರೆಯಬಹುದಾದ ಸೆಟ್ಟಿಂಗ್ ಪುಟ) ವೇಗದ ಅಂಕಿ ಮರಳಿತು. ಹಿಂಬದಿಯ ಖಾಲಿ ಸ್ಲಾಟಿಗೆ ತಗಡು ಬಿಗಿದೆ.